ಹೆದರಿಕೆಗೆ ಮೆಟ್ಟಿಲು ಚಿಕಿತ್ಸೆ

ಹಲಸೂರಿನ ನಮ್ಮ ದವಾಖಾನೆಗೆ ಕೆಮ್ಮು ನೆಗಡಿಗಿಂತ ಹೆಚ್ಚಾಗಿ ಬರುತ್ತಿದ್ದದ್ದು ಹೆದರಿಕೆ. ಯುದ್ಧದ ಕಾಲ ಬೇರೆ. ಆದರೂ ಬಾಂಬಿಗೆ ಹೆದರಿ ಬಂದ ಒಬ್ಬರನ್ನೂ ನಾನು ಕಾಣೆ. ಬೆಕ್ಕು, ಹಲ್ಲಿ, ಸೂಜಿ, ಓರಗಿತ್ತಿ, ಇಂಥವಕ್ಕೇ ಜನ ಗಡಗಡ ನಡುಗುತ್ತಿದ್ದರು. ನಾನಲ್ಲಿ ಕಾಂಪೌಂಡರ್. ನಮ್ಮ ಡಾಕ್ಟರು ಹೇಳುತ್ತಿದ್ದರು: "ಹೆದರಿಕೆ ಅನ್ನೋದು ಕುದಿಯೋ ಹಂಡೆ ಕಣಯ್ಯ. ಒಂದೇ ಸಲ ಹಂಡೆನೇ ಸುರ್ಕೊಂಡ್ರೆ ಸುಟ್ಟೋಗ್ತೀಯ. ಮೊದಲು ಕಿರುಬೆರಳು, ಆಮೇಲೆ ಅಂಗೈ, ಆಮೇಲೆ ಸ್ನಾನ." ಇದಕ್ಕೆ ಅವರಿಟ್ಟ ಹೆಸರು ಮೆಟ್ಟಿಲು ಚಿಕಿತ್ಸೆ. ದಿನಕ್ಕೊಂದೇ ಮೆಟ್ಟಿಲು. ಯಾವ ದಿನ ಯಾವುದು ಅಂತ ಚೀಟಿ ಬರೆದುಕೊಡೋದು ನನ್ನ ಕೆಲಸ.

ಪೈಲ್ವಾನರ ತೋಳು

ಈಗಿನ ಶಿವಾಜಿನಗರ, ಆಗ ಬ್ಲ್ಯಾಕ್‌ಪಲ್ಲಿ. ಅಲ್ಲಿಂದ ಒಬ್ಬ ಪೈಲ್ವಾನರು ಚಳಿಜ್ವರ ಅಂತ ಬಂದರು. ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಒಳಗೆ ಬರಬೇಕು, ಅಂಥ ಆಳು. ನಾನು ಸೂಜಿ ಕುದಿಸೋದನ್ನ ಕಂಡದ್ದೇ ತಡ, ಬೆಂಚಿನ ಸಮೇತ ಉರುಳಿಬಿದ್ದರು.

ಡಾಕ್ಟರು ಐದು ಮೆಟ್ಟಿಲು ಹಾಕಿಕೊಟ್ಟರು. ಮೊದಲ ದಿನ ಸೂಜಿಯನ್ನು ದೂರದಿಂದ ನೋಡುವುದು, ಎರಡನೇ ದಿನ ಹತ್ತಿರದಿಂದ, ಮೂರನೇ ದಿನ ಮುಟ್ಟುವುದು, ನಾಲ್ಕನೇ ದಿನ ತೋಳಿಗೆ ಸುಮ್ಮನೆ ತಾಗಿಸಿಕೊಳ್ಳುವುದು. ಅಲ್ಲೀತನಕ ಜ್ವರ ಕಾಯುತ್ತದೆಯೇ? ಅದಕ್ಕೆ ದಿನಾ ಕ್ವಿನೈನ್ ಮಿಕ್ಸ್ಚರ್ ಕುಡಿಸುತ್ತಾ ಬಂದೆವು.

ಐದನೇ ದಿನ ಪೈಲ್ವಾನರು ಅಂಗಿ ಬಿಚ್ಚಿಕೊಂಡೇ ಒಳಗೆ ನುಗ್ಗಿದರು. "ಚುಚ್ಚಿ ಸಾಬ್!"

ಡಾಕ್ಟರು ಹಣೆ ಮುಟ್ಟಿ ನೋಡಿದರು. "ಜ್ವರ ಪೂರ್ತಿ ಬಿಟ್ಟಿದೆಯಲ್ಲಪ್ಪ. ಇನ್ನು ಸೂಜಿ ಯಾಕೆ?"

ಪೈಲ್ವಾನರ ಮುಖ ಇಷ್ಟಾಯಿತು. "ಐದು ದಿನ ಒದ್ದಾಡಿ ಧೈರ್ಯ ತಂದ್ಕೊಂಡಿದ್ದೀನಿ ಸಾಬ್. ಗರಡಿ ಮನೇಲೆಲ್ಲಾ ಹೇಳ್ಬಿಟ್ಟಿದ್ದೀನಿ. ನೀರಾದ್ರೂ ತುಂಬಿ ಚುಚ್ಬಿಡಿ!"

ಎತ್ತುವುದು ಮಾತ್ರ

ಕಂಟೋನ್ಮೆಂಟಿನ ಒಂದು ಆಫೀಸಿನ ಹೆಡ್ ಕ್ಲಾರ್ಕಿಗೆ ಎದೆ ಡವಗುಟ್ಟುವ ಕಾಯಿಲೆ. ಯಾವಾಗಿನಿಂದ ಅಂತ ಕೇಳಿದರೆ, ಅವರ ಮೇಜಿನ ಮೇಲೆ ಟೆಲಿಫೋನು ಬಂದು ಕೂತ ದಿನದಿಂದ. ಅದು ಗಂಟೆ ಹೊಡೆದರೆ ಸಾಕು, ಇವರು ಕಕ್ಕಸಿಗೆ ಓಡುತ್ತಿದ್ದರು. "ಇನ್ನೊಂದು ಸಲ ಓಡಿದ್ರೆ ಆ ಕುರ್ಚೀಲಿ ಬೇರೆಯವರನ್ನ ಕೂರಿಸ್ತೀನಿ" ಅಂತ ಸಾಹೇಬರು ಎಚ್ಚರಿಸಿದ್ದರು.

ಚೀಟಿ ಬರೆದುಕೊಟ್ಟೆ. ಸೋಮವಾರ ಟೆಲಿಫೋನಿನ ಧೂಳು ಒರೆಸುವುದು. ಮಂಗಳವಾರ ಅದರ ಮೇಲೆ ಕೈಯಿಟ್ಟು ಕೂರುವುದು. ಬುಧವಾರ ಎತ್ತಿ ಕಿವಿಗೆ ಹಿಡಿದು ಇಡುವುದು. ಗುರುವಾರ ನಂಬರು ಹೇಳುವುದು.

ಬುಧವಾರ ಸಂಜೆ ಬೆವರು ಒರೆಸಿಕೊಳ್ಳುತ್ತಾ ಬಂದರು. "ಎತ್ತಿದೆ ಸಾರ್. ಕಿವಿಗೆ ಹಿಡಿದೆ. ಒಳಗಡೆಯಿಂದ ಒಂದು ಹೆಂಗಸು 'ನಂಬರ್ ಪ್ಲೀಸ್' ಅಂದುಬಿಡ್ತು!"

"ಎಕ್ಸ್‌ಚೇಂಜಿನಲ್ಲಿ ಕೂತಿರೋ ಹುಡುಗಿ ಅದು, ನಂಬರು ಕೇಳಿ ಲೈನು ಕೊಡ್ತಾಳೆ. ನೀವೇನಂದ್ರಿ?" ಅಂತ ಕೇಳಿದೆ.

"ಚೀಟಿ ನೋಡ್ಕೊಂಡು ಹೇಳಿದೆ ಸಾರ್: 'ನಂಬರ್ ಟುಮಾರೋ ಮೇಡಂ. ಟುಡೇ ಓನ್ಲಿ ಲಿಫ್ಟಿಂಗ್.'"

ನಿಂತಿರುವ ರೈಲು

ಜೋಗುಪಾಳ್ಯದ ಅಜ್ಜಿಯೊಬ್ಬರಿಗೆ ರೈಲೆಂದರೆ ಜೀವ ಹೋಗುತ್ತಿತ್ತು. ಮಗನಿಗೆ ಕೃಷ್ಣರಾಜಪುರದ ಸ್ಟೇಷನ್ನಿನಲ್ಲೇ ಕೆಲಸ, ಮೊಮ್ಮಗಳು ಹುಟ್ಟಿ ಮೂರು ತಿಂಗಳಾದರೂ ಇವರಿನ್ನೂ ಮುಖ ನೋಡಿರಲಿಲ್ಲ. ಡಾಕ್ಟರು ಅವರನ್ನು ನನ್ನ ಜೊತೆ ಮಾಡಿ ಕಂಟೋನ್ಮೆಂಟ್ ಸ್ಟೇಷನ್ನಿಗೆ ಕಳಿಸಿದರು. ಮೊದಲ ದಿನ ಪ್ಲಾಟ್‌ಫಾರಮ್ಮು. ಎರಡನೇ ದಿನ ನಿಂತಿರುವ ರೈಲಿಗೆ ಹತ್ತಿ, ಸ್ವಲ್ಪ ಕೂತು, ಇಳಿದು ಬರುವುದು.

ಅಜ್ಜಿ ಹತ್ತಿ, ಕಿಟಕಿ ಪಕ್ಕ ಕೂತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. "ಇದು ಓಡಲ್ಲ ತಾನೇ?"

"ಇಲ್ಲ ಅಜ್ಜಿ, ನಿಂತಿರೋ ರೈಲು" ಅಂದು, ಕುಡಿಯೋ ನೀರು ತರಲು ಇಳಿದೆ. ಲೋಟ ತುಂಬಿಸಿ ತಿರುಗಿದರೆ ರೈಲೇ ಇಲ್ಲ.

ಅದು ಕೃಷ್ಣರಾಜಪುರದ ಕಡೆ ಹೊರಟಿತ್ತು. ಯಾರದೋ ಸೈಕಲ್ ಇಸಕೊಂಡು ಕೃಷ್ಣರಾಜಪುರದವರೆಗೂ ಒಂದೇ ಸಮ ತುಳಿದೆ. ದಾರಿಯುದ್ದಕ್ಕೂ, ಅಜ್ಜಿಗೆ ಏನಾದರೂ ಆಗಿದ್ದರೆ ಯಾವ ಮುಖ ಹೊತ್ತು ಹಲಸೂರಿಗೆ ಹೋಗಲಿ ಅನ್ನೋದೇ ಯೋಚನೆ. ಹೋಗಿ ನೋಡಿದರೆ ಅಜ್ಜಿ ಮಗನ ಮನೆ ಜಗುಲಿಯಲ್ಲಿ ಮೊಮ್ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಲಾಲಿ ಹೇಳುತ್ತಿದ್ದಾರೆ. ಸ್ಟೇಷನ್ನಿನಲ್ಲಿ ಮಗನೇ ಕಂಡು ಇಳಿಸಿಕೊಂಡಿದ್ದ.

"ಹೆದರಿಕೆ ಆಗ್ಲಿಲ್ವಾ ಅಜ್ಜಿ?" ಏದುಸಿರು ಬಿಡುತ್ತಾ ಕೇಳಿದೆ.

"ಯಾಕಪ್ಪಾ ಆಗುತ್ತೆ? ನೀನು ಹೇಳ್ದಂಗೆ ರೈಲು ನಿಂತೇ ಇತ್ತು. ಈ ಊರೇ ಹತ್ತಿರಕ್ಕೆ ಬಂತು!"

ಡಾಕ್ಟರ ಸರದಿ

ಒಂದು ದಿನ ಡಾಕ್ಟರು ಬೇಸಿಗೆಯಲ್ಲಿ ಮಫ್ಲರ್ ಸುತ್ತಿಕೊಂಡು ಬಂದರು. ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಹಲ್ಲುನೋವು. ಲವಂಗದ ಎಣ್ಣೆ ಬಾಟಲಿಯೇ ಖಾಲಿಯಾಯಿತು, ನೋವು ಜಗ್ಗಲಿಲ್ಲ. ರೋಗಿಗಳ ಕಷ್ಟ ಕೇಳುವ ಬದಲು ತಾವೇ ನರಳುತ್ತಿದ್ದರು.

"ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಕೀಳಿಸ್ಬಿಡಿ ಸಾರ್" ಅಂದೆ.

ಅವರು ಮಫ್ಲರನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡರು. "ಇಕ್ಕಳ ಕಂಡ್ರೆ ನಂಗೆ ಆಗಲ್ಲ ಕಣಯ್ಯ."

"ಹಾಗಾದ್ರೆ ಚೀಟಿ ಬರೀಲಾ ಸಾರ್?"

ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಚೀಟಿಯನ್ನು ತಾವೇ ಬರೆದುಕೊಂಡರು. ನನಗೆ ತೋರಿಸಲಿಲ್ಲ.

ಮೊದಲ ದಿನ ಇಬ್ಬರೂ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ, ಎದುರು ಸೀರೆ ಅಂಗಡಿ ಮುಂದೆ ನಿಂತು ಹಲ್ಲಿನ ಡಾಕ್ಟರ ಬೋರ್ಡು ಓದಿಕೊಂಡು ಬಂದೆವು. ಎರಡನೇ ದಿನ ಮಹಡಿ ಹತ್ತಿ ಇಳಿದೆವು. ಮೂರನೇ ದಿನ ಬೆಂಚಿನಲ್ಲಿ ಕೂತೆವು. ಒಳಗಿನಿಂದ ಯಾರೋ "ಅಯ್ಯಯ್ಯೋ!" ಅಂದರು. ನಾನು ತಿರುಗಿ ನೋಡುವಷ್ಟರಲ್ಲಿ ನಮ್ಮ ಡಾಕ್ಟರು ಮತ್ತೆ ಸೀರೆ ಅಂಗಡಿ ಮುಂದಿದ್ದರು.

ನಾಲ್ಕನೇ ದಿನ ಒಳಗೆ ಹೋಗಿ ಆ ದೊಡ್ಡ ಕುರ್ಚಿಯಲ್ಲಿ ಕೂತೇಬಿಟ್ಟರು. ಹಲ್ಲಿನ ಡಾಕ್ಟರಿಗೆ ನಮ್ಮ ಮೆಟ್ಟಿಲುಗಳ ವಿಷಯ ಏನು ಗೊತ್ತು? "ಯಾವ ಹಲ್ಲು?" ಅಂದರು. ನಮ್ಮವರು ಬಾಯಿ ತೆರೆದು ಬೆರಳಿಟ್ಟು ತೋರಿಸಿದರು. ಮರುಗಳಿಗೆಗೆ ಚುಚ್ಚಿದ್ದೂ ಆಯಿತು, ಕಿತ್ತಿದ್ದೂ ಆಯಿತು. ತಟ್ಟೆಯಲ್ಲಿ ಹಲ್ಲು ಠಣ್ಣೆಂದಿತು.

ನನಗೋ ಹಿಗ್ಗೇ ಹಿಗ್ಗು. ಕೆಳಗಿಳಿಯುತ್ತಾ ಅಂದೆ: "ಗೆದ್ಬಿಟ್ರಿ ಸಾರ್! ನೋವು ಹೋಯ್ತಾ?"

ಡಾಕ್ಟರು ಬಾಯಿಂದ ಹತ್ತಿ ಉಗಿದರು. ಕಣ್ಣಲ್ಲಿ ನೀರು.

"ಎಲ್ಲಿ ಹೋಗುತ್ತಯ್ಯಾ! ನೋಯೋ ಹಲ್ಲು ತೋರ್ಸೋದು ಐದನೇ ದಿನಕ್ಕೆ ಇಟ್ಕೊಂಡಿದ್ದೆ. ಇವತ್ತು ಅಭ್ಯಾಸಕ್ಕೆ ಅಂತ ಪಕ್ಕದ ಗಟ್ಟಿ ಹಲ್ಲು ತೋರಿಸ್ದೆ!"