ಅಜ್ಜಿಯ ಹಿಮ್ಮಡಿ ಎಕ್ಸ್‌ಪ್ಲೋಡ್ ಆದದ್ದು

ಇಂಗ್ಲಿಷ್ ಮೇಷ್ಟ್ರಿಗೆ ಒಂದಲ್ಲ ಒಂದು ಪದ ಶನಿಯಂತೆ ಹೆಗಲೇರುತ್ತಲೇ ಇರುತ್ತದೆ. ಕೊಯಮತ್ತೂರಿನ ಶಾಲೆಯಲ್ಲಿ ನನ್ನ ಕೊನೆಯ ವರ್ಷ ಹೆಗಲೇರಿದ್ದು 'ಎಕ್ಸ್‌ಪ್ಲೋಡ್'. ನಿವೃತ್ತಿಯ ಮೇಲೆ ಎರಡು ವರ್ಷ ಎಕ್ಸ್‌ಟೆನ್ಷನ್ ಕೊಡುತ್ತಾರೋ ಇಲ್ಲವೋ ಎಂಬುದೊಂದೇ ಆಗ ನನ್ನ ಚಿಂತೆ. ಪಾಠ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ; ಮನೆಯಲ್ಲಿ ಕೂರುವುದನ್ನು ನೆನೆದರೇ ಎದೆ ಭಾರವಾಗುತ್ತಿತ್ತು.

೧. ರಜಾಚೀಟಿ

ತೊಂಡಾಮುತ್ತೂರಿನಿಂದ ಬರುವ ಎಂಟನೇ ಕ್ಲಾಸಿನ ಹುಡುಗಿ, ನಮ್ಮ ಹಾಗೇ ಮನೆಯಲ್ಲಿ ಕನ್ನಡ ಮಾತಾಡುವವಳು, ಇಂಗ್ಲಿಷಿನಲ್ಲಿ ಬರೆದಿದ್ದಳು: 'ನನ್ನ ಅಜ್ಜಿಯ ಹಿಮ್ಮಡಿ ಎಕ್ಸ್‌ಪ್ಲೋಡ್ ಆಗಿದೆ. ಎರಡು ದಿನ ರಜೆ ಬೇಕು.' ಹೆಡ್‌ಮಾಸ್ಟರು ಚೀಟಿಯನ್ನೂ ಹುಡುಗಿಯನ್ನೂ ಹಿಡಿದುಕೊಂಡು ಬೆವೆತು ಓಡಿಬಂದರು.

"ಏನಮ್ಮಾ ಇದು?" ಎಂದೆ.

"ಪಿತ್ತವೆಡಿಪ್ಪು ಸಾರ್. ಅಜ್ಜಿಗೆ ನಡೆಯಕ್ಕೇ ಆಗಲ್ಲ."

ಪಟಾಕಿ ಸಿಡಿದರೂ, ಹತ್ತಿಕಾಯಿ ಬಿರಿದರೂ, ಹಿಮ್ಮಡಿ ಒಡೆದರೂ ತಮಿಳಿನಲ್ಲಿ ಎಲ್ಲಕ್ಕೂ 'ವೆಡಿ'ಯೇ. ಹೆಡ್‌ಮಾಸ್ಟರು ಉಸಿರುಬಿಟ್ಟು ಕೇಳಿದರು, "ಎರಡು ಕಾಲೂನಾ?"

"ಒಂದೇ ಸಾರ್."

"ಹಾಗಾದರೆ ಒಂದೇ ದಿನ."

೨. ಪಕ್ಕದ ಮನೆ

ಈ ಕಥೆಯನ್ನು ಹೆಂಡತಿಗೆ ಹೇಳಿದ್ದೇ ತಪ್ಪಾಯಿತು. ಎಕ್ಸ್‌ಪ್ಲೋಡ್, ಎಕ್ಸ್‌ಟೆನ್ಷನ್ ಎರಡೂ ಅವಳ ತಲೆಯಲ್ಲಿ ಕಲಸಿಹೋದವು. ಕುರಿಚಿಯ ಫೌಂಡ್ರಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಪಕ್ಕದ ಮನೆಯವನಿಗೆ, "ನಮ್ಮೋರ್ಗೆ ಎರಡು ವರ್ಷ ಎಕ್ಸ್‌ಪ್ಲೋಷನ್ ಸಿಕ್ಕಿದ್ರೆ ಸಾಕು, ದೇವರಿಗೆ ಪೊಂಗಲ್ ಇಡ್ತೀನಿ" ಎಂದಳಂತೆ.

ಆತ ಗಾಬರಿಯಾಗಿ, "ಬೇಡ ಅಕ್ಕಾ, ನಮ್ಮಲ್ಲಿ ಒಂದು ನಿಮಿಷ ಆಗಿದ್ದಕ್ಕೇ ಛಾವಣಿ ಹೋಯ್ತು!" ಎಂದನಂತೆ.

೩. ಚಪ್ಪಾಳೆ

ಅರ್ಥ ಕೆಟ್ಟಿತು, ಮೂಲವನ್ನಾದರೂ ಕಲಿಸೋಣವೆಂದು ಕ್ಲಾಸಿನಲ್ಲಿ ಹೇಳಿದೆ: "ಹಳೇ ಲ್ಯಾಟಿನ್‌ನಲ್ಲಿ ಇದಕ್ಕೂ ಬಾಂಬಿಗೂ ಸಂಬಂಧವೇ ಇರಲಿಲ್ಲ. ನಟ ಸಾಕೆನಿಸಿದರೆ ಜನ ಚಪ್ಪಾಳೆ ತಟ್ಟಿ ತಟ್ಟಿ ಅವನನ್ನು ರಂಗದಿಂದ ಓಡಿಸುತ್ತಿದ್ದರು. ಅದೇ ಎಕ್ಸ್‌ಪ್ಲೋಡ್." ಕ್ಲಾಸು ಆಕಳಿಸಿತು. ಹಿಮ್ಮಡಿಯ ಹುಡುಗಿ ಮಾತ್ರ ಬರೆದುಕೊಂಡಳು.

ವರ್ಷದ ಕೊನೆಗೆ ಸಭೆ ಕರೆದರು. "ಸಾರ್ ಇನ್ನು ಮನೆಯಲ್ಲಿ ಹಾಯಾಗಿರಲಿ" ಎಂದು ಹೆಡ್‌ಮಾಸ್ಟರು ಶಾಲು ಹೊದಿಸಿದರು. ಎಕ್ಸ್‌ಟೆನ್ಷನ್ ಇಲ್ಲವೆಂದು ನನಗೆ ತಿಳಿದದ್ದೇ ಆಗ. ಮೈಕಿನ ಮುಂದೆ ನಿಂತು 'ನಮಸ್ಕಾರ' ಎಂದೆ, ಅಷ್ಟೇ. ಎಲ್ಲರೂ ಚಪ್ಪಾಳೆ ತಟ್ಟತೊಡಗಿದರು. ನಾನು ವೇದಿಕೆ ಇಳಿಯುವವರೆಗೂ ನಿಲ್ಲಿಸಲಿಲ್ಲ.

ಕೆಳಗೆ ಆ ಹುಡುಗಿ ಅಳುತ್ತ ಒಂದು ಕಾರ್ಡು ಕೊಟ್ಟಳು. ಇಂಗ್ಲಿಷಿನಲ್ಲಿ ಒಂದೇ ಸಾಲು: 'ಇವತ್ತು ಎಲ್ಲರೂ ಸೇರಿ ನಮ್ಮ ಸಾರನ್ನು ಎಕ್ಸ್‌ಪ್ಲೋಡ್ ಮಾಡಿದರು.'

ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದೆ. ತಿದ್ದಲು ಒಂದು ತಪ್ಪೂ ಸಿಗಲಿಲ್ಲ.