ಹಾಲಿನ ಚಹಾದ ವಿಚಾರಣೆ

ಸಕ್ಕರೆ ರೋಗ ಬಂದದ್ದು ನನಗೆ. ಅದರ ಆಡಳಿತವೆಲ್ಲ ನನ್ನ ಹೆಂಡತಿ ನೀಲಗಂಗಾಳದು. ಡೊಂಬಿವಲಿಯ ನಮ್ಮ ಒಂದೂವರೆ ಖೋಲಿಯ ಮನೆಯಲ್ಲಿ ದಿನಾ ಬೆಳಗ್ಗೆ ಬತ್ತಿ ಸ್ಟೋವಿನ ಮೇಲೆ ನನ್ನ ಮೂತ್ರಪರೀಕ್ಷೆ ನಡೆಯುತ್ತದೆ. ಟೆಸ್ಟ್ ಟ್ಯೂಬಿನಲ್ಲಿ ಡಾಕ್ಟರು ಬರೆದುಕೊಟ್ಟ ಮೈಲುತುತ್ತದ ನೀಲಿ ದ್ರಾವಣ. ಅದಕ್ಕೆ ನನ್ನ ಕಾಣಿಕೆ ಎಂಟು ಹನಿ. ಕುದಿಸಿದ ಮೇಲೂ ನೀಲಿಯಾಗಿದ್ದರೆ ನಾನು ಸಜ್ಜನ, ಇಟ್ಟಿಗೆ ಕೆಂಪಾದರೆ ಸಿಹಿ ತಿಂದ ಕಳ್ಳ. ಸಿಹಿಯೆಲ್ಲ ಹೋದಮೇಲೆ ನನಗೆ ಉಳಿದ ಸುಖವೆಂದರೆ ಸಕ್ಕರೆಯಿಲ್ಲದ, ಗಟ್ಟಿ ಹಾಲಿನ ಚಹಾ ಒಂದೇ.

ಕಳೆದ ಭಾನುವಾರ ಕೆಳಮನೆಯ ರಮಾಮಣಿಯವರು ನನ್ನನ್ನು ಕರೆದು ಅಂಥ ಚಹಾ ಕೊಟ್ಟರು. ಅವರು ಉಡುಪಿಯವರು, ಗಂಡನದು ಹೋಟೆಲು. ಬಂದವರಿಗೆ ಸಪ್ಪೆ ಚಹಾ ಕೊಡುವ ಕೈ ಅದಲ್ಲ ಎಂದು ನೀಲಗಂಗಾಳಿಗೆ ಮೊದಲಿನಿಂದಲೂ ಸಂಶಯ. ನಾನು ಅರ್ಧ ಕುಡಿದಿದ್ದೆ. ಅಷ್ಟರಲ್ಲಿ ಅವಳು ಕೆಳಗಿಳಿದು ಬಂದು ಲೋಟ ಕಸಿದು ಮೇಲೆ ಒಯ್ದಳು. ಹಿಂದೆಯೇ ನಾನೂ ರಮಾಮಣಿಯವರೂ ಓಡಿದೆವು. (ನನ್ನ ಸರದಿಗೆ ಒಂದೇ ಸಲ ತೊಳೆಯುವ ಟ್ಯೂಬನ್ನು ಚಹಾಕ್ಕಾಗಿ ಚೆನ್ನಾಗಿ ತಿಕ್ಕಿದಳು.) ನೀಲಿ ದ್ರಾವಣಕ್ಕೆ ಚಹಾ ಹನಿಸಿ ಕುದಿಸಿದಾಗ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆ ಕೆಂಪಾಯಿತು.

“ನೋಡ್ರಿ ರಮಾಮಣಿಯವ್ರ! ಎಷ್ಟು ಚಮಚೆ ಹಾಕೀರಿ?”

“ದೇವರಾಣೆಗೂ ಒಂದು ಕಾಳು ಹಾಕ್ಲಿಲ್ಲ ಮಾರಾಯ್ರೆ! ನಿಮ್ಮ ಗಂಡನನ್ನು ಕೊಲ್ಲಿಕ್ಕೆ ನನಗೇನು ಹುಚ್ಚಾ?” ರಮಾಮಣಿಯವರ ಕಣ್ಣಲ್ಲಿ ನೀರು.

ನನಗೆ ತುಂಬಾ ಕೆಟ್ಟದೆನಿಸಿತು. (ಕೆಳಮನೆಯ ಚಹಾ ನಿಂತೇಹೋದೀತೆಂಬ ಭಯವೂ ಇತ್ತು.) ಅಂಬರನಾಥದ ರಾಸಾಯನಿಕ ಕಾರ್ಖಾನೆಯಲ್ಲಿ ನಾನು ಬರೀ ಗುಮಾಸ್ತ, ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚುವುದು ಲ್ಯಾಬಿನವರ ಜೊತೆ. ಅಲ್ಲಿ ಗಳಿಸಿದ ಪಾಂಡಿತ್ಯವೆಲ್ಲ ಒಮ್ಮೆಗೇ ಹೊರಬಂತು.

“ನೀಲಾ, ಅಂಗಡಿ ಸಕ್ಕರಿಗೆ ಈ ತಾಮ್ರದ ನೀಲಿ ನೀರು ಬಣ್ಣಾನ ಬದಲಸೂದಿಲ್ಲ. ಹಾಲಿನಾಗ ತನ್ನದೇ ಒಂದು ಸಕ್ಕರಿ ಇರ್ತದ, ಕೆಂಪಾಗೂದು ಅದಕ್ಕ. ತಡಿ, ತೋರಸ್ತೀನಿ.”

ಮೂವರೂ ಸ್ಟೋವಿನ ಸುತ್ತ ಕುಕ್ಕರಗಾಲಿನಲ್ಲಿ ಕೂತೆವು. ಸಕ್ಕರೆ ನೀರು ಕುದಿಸಿದೆ, ನೀಲಿ. ನಮ್ಮದೇ ಬಾಟ್ಲಿ ಹಾಲು ಕುದಿಸಿದೆ, ಕೆಂಪು. ವಿಜ್ಞಾನ ಗೆದ್ದಿತು. ನೀಲಗಂಗಾ ರಮಾಮಣಿಯವರ ಕೈ ಹಿಡಿದು, “ತಪ್ಪಾತ್ರೀ, ಮನಸಿಗೆ ಹಚ್ಕೋಬ್ಯಾಡ್ರಿ” ಎಂದಳು. ನಾನು ಎದೆಯುಬ್ಬಿಸಿ ಚಹಾಕ್ಕೆ ಆರ್ಡರು ಕೊಟ್ಟೆ.

ನೀಲಗಂಗಾ ಕೆಂಪು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

“ಅಂದ್ರ, ಹಾಲಿನಾಗ ಸಕ್ಕರಿ ಐತಿ ಅಂತ ಗೊತ್ತಿದ್ದೂ ಇಷ್ಟು ದಿನ ಕುಡಕೋತ ಬಂದೀರಿ?”

ನಾನು ಸ್ಟೋವಿನ ಬತ್ತಿ ಇಳಿಸುವ ನೆಪದಲ್ಲಿ ಬಗ್ಗಿದೆ.

ಚಹಾ ಮಾಡಿ ತಂದವರು ರಮಾಮಣಿಯವರೇ. ಹೆಂಗಸರಿಬ್ಬರ ಲೋಟಗಳಲ್ಲಿ ಹಾಲೂ ಇತ್ತು, ಸಕ್ಕರೆಯೂ ಇತ್ತು. ನನ್ನದರಲ್ಲಿ ಎರಡೂ ಇಲ್ಲದ ಕರಿ ಕಷಾಯ.

“ಕುಡೀರಿ ಮಾರಾಯ್ರೆ, ಹೆದರ್ಬೇಡಿ,” ಎಂದರು. “ಇದು ಎಷ್ಟು ಕುದಿಸಿದ್ರೂ ನೀಲಿಯೇ.”