ದಾಖಲೆ ಕೋಣೆಯ ಗುಮಾಸ್ತರ ಕರುಳಿನ ಕುರಿತು

ಸಂಖ್ಯೆ: ಆಡಳಿತ/ಒಳಾಂಗ/07

ವಿಷಯ: ಗುಮಾಸ್ತರಿಗೆ ಕರುಳು ಇದೆಯೇ ಇಲ್ಲವೇ ಎಂದು ಸಿಬ್ಬಂದಿಯು ತೀರ್ಮಾನಿಸಬಾರದೆಂಬ ಬಗ್ಗೆ.

ಉಲ್ಲೇಖ: 1. ಗುಮಾಸ್ತರ ಅರ್ಜಿ. 2. ಅವರ ಪತ್ನಿಯ ಪತ್ರ.

"ನನ್ನ ಕರುಳು ಕೊಳೆತುಹೋಗಿದೆ, ಹೊಟ್ಟೆಯಲ್ಲಿ ಏನೂ ಉಳಿದಿಲ್ಲ, ಆದ್ದರಿಂದ ಊಟದ ವಿರಾಮ ನನಗೆ ಅನ್ವಯಿಸುವುದಿಲ್ಲ" ಎಂದು ದಾಖಲೆ ಕೋಣೆಯ ಗುಮಾಸ್ತರು ಉಲ್ಲೇಖ 1ರಲ್ಲಿ ಅರ್ಜಿ ಸಲ್ಲಿಸಿರುತ್ತಾರೆ. ಇಪ್ಪತ್ತೆರಡು ವರ್ಷ ಒಂದು ಕಡತವನ್ನೂ ಕಳೆಯದ ಮನುಷ್ಯ ಹೀಗೆ ಬರೆದರೆ ಅವರಿಗೇನಾಗಿದೆ ಎಂದು ಕೇಳುವ ಬದಲು, ಅರ್ಜಿಗೆ "ಅಂಗೀಕರಿಸಲಾಗಿದೆ" ಎಂಬ ಮೊಹರು ಹೊಡೆದು ವಿರಾಮವನ್ನು ರದ್ದುಪಡಿಸಲಾಗಿದೆ. ಕಾಗದ ಬಂದರೆ ಮೊಹರು ಹೊಡೆಯುವುದೇ ಈ ಕಚೇರಿಯ ಪದ್ಧತಿಯಾಗಿದ್ದು, ಓದುವ ಪದ್ಧತಿ ಇರುವುದಿಲ್ಲ. ಆದುದರಿಂದ ಎಲ್ಲರಿಗೂ ಈ ಕೆಳಕಂಡಂತೆ ತಾಕೀತು ಮಾಡಲಾಗಿದೆ:

1. ದಾಸ್ತಾನು ವಹಿಯಲ್ಲಿ, ಕುರ್ಚಿಗಳ ಕೆಳಗೆ, "ಕರುಳು, ಒಂದು, ಕಾಣೆ" ಎಂದು ಮಾಡಲಾದ ನಮೂದನ್ನು ಹೊಡೆದುಹಾಕತಕ್ಕದ್ದು.

2. ಕರುಳಿಲ್ಲದಿರುವ ಬಗ್ಗೆ ದೃಢೀಕರಣ ಪತ್ರವನ್ನು ಎರಡು ಪ್ರತಿಗಳಲ್ಲಿ ಕೇಳಿದ ನೋಟೀಸನ್ನು ಹಿಂಪಡೆಯಲಾಗಿದೆ. ಮೂರನೇ ಪ್ರತಿ ಕೇಳಿದ ಮಹಾಶಯರು ಯಾರೆಂದು ಸಂಜೆಯೊಳಗೆ ತಿಳಿಸತಕ್ಕದ್ದು.

3. ಗುಮಾಸ್ತರ ಹೊಟ್ಟೆಗೆ ಕಿವಿಯಿಟ್ಟು "ಗುಡುಗುಡು ಅಂತಿದೆ ಅಣ್ಣಾ, ಎಲ್ಲಾ ಜಾಗದಲ್ಲೇ ಇದೆ" ಎಂದು ವರದಿ ನೀಡಿದ ಬೆರಳಚ್ಚುಗಾರರು ಬೆರಳಚ್ಚಿಗೆ ಮಾತ್ರ ಸೀಮಿತರಾಗಿರತಕ್ಕದ್ದು. ವಾದದಲ್ಲಿ ಗೆದ್ದ ಮಾತ್ರಕ್ಕೆ ಗುಮಾಸ್ತರಿಗೆ ತುತ್ತು ಒಳಗೆ ಹೋಗುವುದಿಲ್ಲ.

4. "ಕರುಳಿಲ್ಲದೋರು ಮೇಲಿನ ಮಹಡೀಲೂ ಇದ್ದಾರೆ ಬಿಡಣ್ಣ, ದಿನಾ ಮೂರು ಹೊತ್ತು ಊಟ ಬಾರಿಸ್ತಾರೆ" ಎಂಬ ಜವಾನರ ಮಾತನ್ನು ಮೇಲಿನ ಮಹಡಿಯಲ್ಲಿ ಕೇಳಿಸಿಕೊಳ್ಳಲಾಗಿದೆ.

5. ಉಲ್ಲೇಖ 2ರಲ್ಲಿ ಇರುವುದು ಇಷ್ಟು: "ಸಾರ್, ತಟ್ಟೆ ಇಟ್ರೆ, ಇದನ್ನ ಎಲ್ಲಿಗೆ ಹಾಕ್ಕೊಳ್ಲಿ ಹೇಳು ಅಂತ ಅಳ್ತಾರೆ. ಒಂಬತ್ತು ದಿನದಿಂದ ಬರೀ ನೀರು. ಆಸ್ಪತ್ರೆಗೆ ಹೋಗೋಣ ಬನ್ನಿ ಅಂದ್ರೆ, ಆಫೀಸಲ್ಲೇ ಒಪ್ಕೊಂಡಿದ್ದಾರಲ್ಲ, ಡಾಕ್ಟ್ರು ಬೇರೆ ಏನು ಹೇಳ್ಬೇಕು ಅಂತಾರೆ." ಅಂದರೆ, ಆಸ್ಪತ್ರೆಯ ದಾರಿಗೆ ಅಡ್ಡ ಮಲಗಿರುವುದು ನಮ್ಮದೇ ಮೊಹರು. ನಾಚಿಕೆಯಾಗಬೇಕು.

6. ಮನಸ್ಸು ತೀರಾ ಕುಸಿದಾಗ ಹೀಗಾಗುವುದುಂಟು, ಇದು ನಟನೆಯಲ್ಲ, ಹಟವಲ್ಲ, ಚಿಕಿತ್ಸೆಯಿದೆ, ಆದರೆ ತಡಮಾಡಬೇಡಿ ಎಂದು, ಸದರಿ ಪತ್ರ ತೋರಿಸಿ ಕೇಳಲಾಗಿ, ಆಸ್ಪತ್ರೆಯ ವೈದ್ಯರು ತಿಳಿಸಿರುತ್ತಾರೆ. ಅದರಂತೆ ಅಂಗೀಕಾರವನ್ನು ರದ್ದುಪಡಿಸಿ, ಗುಮಾಸ್ತರು ಇಂದೇ ಆಸ್ಪತ್ರೆಯಲ್ಲಿ ಕರ್ತವ್ಯಕ್ಕೆ ಹಾಜರಾಗತಕ್ಕದ್ದೆಂದು ಆದೇಶಿಸಲಾಗಿದೆ. ಲಿಖಿತ ಆದೇಶವನ್ನು ಅವರು ಈವರೆಗೆ ಮೀರಿರುವುದಿಲ್ಲ.

ಸಹಿ/-
ಕಚೇರಿ ಅಧೀಕ್ಷಕರು
ಮೇಲಿನ ಮಹಡಿ

ಪ್ರತಿಗಳು:
1. ವೈದ್ಯರಿಗೆ, ಕಾಯುತ್ತಿರಲು ಕೋರಿ.
2. ಮೊಹರು ಇರುವ ಮೇಜಿಗೆ, ಗೋಡೆಗೆ ಅಂಟಿಸಲು.
3. ಗುಮಾಸ್ತರಿಗೆ, ಅವರ ಮನೆಯಲ್ಲಿ ಖುದ್ದಾಗಿ. (ಷರಾ: ಎರಡು ಸಲ ಓದಿದರು. ಆರನೇ ಕಲಮಿನಲ್ಲಿ ದಿನಾಂಕವಿಲ್ಲವೆಂದು ಆಕ್ಷೇಪಿಸಿ, ತಾವೇ ಬರೆದುಕೊಂಡು, ಸಹಿ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟಿರುತ್ತಾರೆ.)